ಮೇದಿನಿಯ ಪಾಲಿನ ಬಿಸಿಲು

ಹಾವೇರಿಯ ಕಣ್ಗಾವಲು ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಜಿಲ್ಲೆಯ ನಲವತ್ತೆರಡು ಸಾವಿರ ಮಕ್ಕಳಿದ್ದರು. ಒಂದು ಮಗುವಿಗೆ ಒಂದು ಚುಕ್ಕೆ. ಬೆಳಿಗ್ಗೆ ಏಳೂವರೆಗೆ ಚುಕ್ಕೆಗಳೆಲ್ಲ ಬೂದಿಯ ಬಣ್ಣದಲ್ಲಿ ಮಂಕಾಗಿ ಕೂತಿರುತ್ತಿದ್ದವು. ಮಕ್ಕಳು ಅಂಗಳಕ್ಕೋ ಬಯಲಿಗೋ ಇಳಿದಂತೆ ಒಂದೊಂದಾಗಿ ಹಸಿರಾಗತೊಡಗುತ್ತಿದ್ದವು. ಒಂಬತ್ತೂವರೆಯ ಹೊತ್ತಿಗೂ ಹಸಿರಾಗದೆ ಉಳಿದದ್ದು ಕೆಂಪಾಗುತ್ತಿತ್ತು. ಕೆಂಪಾದ ಮಗುವಿನ ಮನೆಗೆ ಕೇಂದ್ರದಿಂದ ಫೋನು ಹೋಗುತ್ತಿತ್ತು, ವಾರಗಟ್ಟಲೆ ಕೆಂಪಾದರೆ ಕಣ್ಣಿಗೆ ಹಾಕುವ ಹನಿಯ ಶೀಸೆಯೂ ಹೋಗುತ್ತಿತ್ತು.

ಈ ಚುಕ್ಕೆಗಳನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದವಳು ದಾಕ್ಷಾಯಿಣಿ. ಕಣ್ಣಿಗೆ ಸೋಡಾಬುಡ್ಡಿ ಕನ್ನಡಕ. ಅದನ್ನು ತೆಗೆದರೆ ಎದುರಿಗೆ ಕೂತವರ ಮುಖ ಅವಳಿಗೆ ಗೋಡೆಗೆ ಒರಸಿದ ಬಣ್ಣದ ಹಾಗೆ ಕಾಣುತ್ತಿತ್ತು. ಅವಳ ಅಪ್ಪ ಬಸಲಿಂಗಪ್ಪ ಮಾಸ್ತರರದು ಇನ್ನೂ ದಪ್ಪ ಗಾಜು. ನಲವತ್ತಾರನೆಯ ವಯಸ್ಸಿಗೆ ಆ ಗಾಜಿನಿಂದಲೂ ಉಪಯೋಗವಿಲ್ಲದೆ ಹೋಯಿತು. ಆಗ ಒಂಬತ್ತು ವರ್ಷದವಳಾಗಿದ್ದ ದಾಕ್ಷಾಯಿಣಿ ಅಪ್ಪನನ್ನು ಕೈಹಿಡಿದು ಶಾಲೆಯವರೆಗೆ ಬಿಟ್ಟು ಬರುತ್ತಿದ್ದಳು. ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳಬೇಕಿತ್ತು. ಹೇಳಿ ಹೇಳಿ ಅವಳಿಗೆ ಚಿಕ್ಕಂದಿನಲ್ಲೇ ಒಂದು ಹಟ ಹುಟ್ಟಿತ್ತು, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿಗೆ ಮಾತ್ರ ಈ ಗತಿ ಬರಬಾರದೆಂದು.

ಸಮೀಪದೃಷ್ಟಿ ಎಂದರೆ ಬೇರೇನಲ್ಲ, ಕಣ್ಣುಗುಡ್ಡೆ ಬೇಕಾದದ್ದಕ್ಕಿಂತ ಉದ್ದ ಬೆಳೆದುಬಿಡುವುದು. ದೂರದ ಬಿಂಬ ಹಿಂದಿನ ಒಳಪರದೆಯನ್ನು ಮುಟ್ಟುವ ಮೊದಲೇ ಕೂಡಿಕೊಂಡು, ಪರದೆಗೆ ಸಿಗುವುದು ಬರೀ ಮಬ್ಬು. ಕನ್ನಡಕ ಆ ಬಿಂಬವನ್ನು ಹಿಂದಕ್ಕೆ ತಳ್ಳಿ ಕೂರಿಸುತ್ತದೆ, ಆದರೆ ಗುಡ್ಡೆಯ ಬೆಳವಣಿಗೆಯನ್ನು ತಡೆಯುವುದಿಲ್ಲ. ಗುಡ್ಡೆ ಉದ್ದವಾದಷ್ಟೂ ಒಳಪರದೆ ಲಟ್ಟಿಸಿದ ಹಪ್ಪಳದಂತೆ ತೆಳ್ಳಗಾಗುತ್ತ ಹೋಗಿ ಒಂದು ದಿನ ಹರಿಯುತ್ತದೆ. ಬಯಲಿನ ಬೆಳಕು ದಿನಕ್ಕೆ ಎರಡು ತಾಸು ಎಳೆಗಣ್ಣಿಗೆ ಬಿದ್ದರೆ ಒಳಗೊಂದು ರಸ ಜಿನುಗಿ ಗುಡ್ಡೆಗೆ ಸಾಕು ಎನ್ನುತ್ತದೆಂದು ತಿಳಿದವರು ಕಂಡುಕೊಂಡಿದ್ದರು. ಹಾಗಾಗಿ ಮಣಿ ಬಂತು. ಹುಣಸೆಬೀಜದಷ್ಟು ಗಾತ್ರ, ಅಂಗಿಯ ಕೊರಳಿಗೆ ಚುಚ್ಚುವುದು. ಮಗುವಿನ ಮೇಲೆ ಎಷ್ಟು ಬೆಳಕು ಬಿತ್ತು, ಅದರ ಎದುರಿಗಿದ್ದದ್ದು ಎಷ್ಟು ದೂರದಲ್ಲಿತ್ತು ಎಂದು ಅಳೆದು ಕೇಂದ್ರಕ್ಕೆ ತಿಳಿಸುತ್ತಿತ್ತು.

ನಮ್ಮ ಜನರೇನು ಕಡಿಮೆಯೇ? ಮೊದಲ ವರ್ಷವೇ ಮೋಟೆಬೆನ್ನೂರಿನ ಒಬ್ಬ ಪುಣ್ಯಾತ್ಮ ಮಗನ ಮಣಿಯನ್ನು ಆಡಿನ ಕೊರಳಿಗೆ ಕಟ್ಟಿದ. ಆ ಆಡು ದಿನಕ್ಕೆ ಒಂಬತ್ತು ತಾಸು ಬಿಸಿಲುಂಡು ತಾಲ್ಲೂಕಿಗೇ ಮೊದಲನೆಯ ಕೂಸಾಯಿತು. ಕೇಂದ್ರದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರಿಗಿಂತ ಹೆಚ್ಚು ನಕ್ಕವಳು ದಾಕ್ಷಾಯಿಣಿಯೇ. ನಗು ಮುಗಿದ ಮೇಲೆ ಮಣಿಗೆ ನಾಡಿ ನೋಡುವುದನ್ನೂ ಕಲಿಸಿದರು. ಮನುಷ್ಯರ ನಾಡಿ ಸಿಕ್ಕರೆ ಮಾತ್ರ ಲೆಕ್ಕ. ಅಷ್ಟಾದರೆ ಸಾಕೆಂದು ಬರೆದುಕೊಟ್ಟವಳೂ ಅವಳೇ.

ಇನ್ನೊಂದನ್ನೂ ಅವಳೇ ಬರೆದುಕೊಟ್ಟಿದ್ದಳು. ಕಣ್ಣುಗುಡ್ಡೆಯ ಉದ್ದ ಅಳೆಯುವ ಯಂತ್ರ ಜಿಲ್ಲೆಗೆ ಮೂರೇ ಮೂರು. ಅಳೆಸಿಕೊಳ್ಳಲು ಮಕ್ಕಳ ಸಾಲು ತಿಂಗಳುಗಟ್ಟಲೆ ಕಾಯುತ್ತಿತ್ತು. ವರ್ಷಕ್ಕೆ ಮುನ್ನೂರು ದಿನ ಹಸಿರಾಗಿರುವ ಮಗುವನ್ನು ಅಳೆಯುವ ಅಗತ್ಯವಿಲ್ಲ, ಆ ಸಮಯವನ್ನು ಕೆಂಪಿನ ಮಕ್ಕಳಿಗೆ ಕೊಡೋಣ ಎಂದು ಅವಳು ಸೂಚಿಸಿದಳು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮೆಹಜಬೀನ್ ಹುಲಗೂರ ಎರಡು ದಿನ ಯೋಚಿಸಿ ಸಹಿ ಹಾಕಿದರು. ಹಸಿರು ವಿನಾಯಿತಿ ಎಂದು ಅದಕ್ಕೆ ಹೆಸರಾಯಿತು. ವಿನಾಯಿತಿ ಸಿಕ್ಕ ಮೊದಲ ಪಟ್ಟಿಯಲ್ಲಿ ದಾಕ್ಷಾಯಿಣಿಯ ಎಂಟು ವರ್ಷದ ಮಗಳು ಮೇದಿನಿಯ ಹೆಸರಿತ್ತು. ಆ ದಿನ ಅವಳು ಕೇಂದ್ರದವರಿಗೆಲ್ಲ ಪೇಡೆ ಹಂಚಿದಳು.

ಅವರ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಒಣಹಾಕುವ ಕಣದ ಪಕ್ಕಕ್ಕೆ. ಸುಗ್ಗಿಯಲ್ಲಿ ಬಾಗಿಲು ತೆರೆದರೆ ಕಣ್ಣು ಹಾಯುವಷ್ಟು ದೂರ ಕೆಂಪು, ಉಸಿರೆಳೆದರೆ ಘಾಟು. ದಾಕ್ಷಾಯಿಣಿಯ ಗಂಡ ಶಿವಯೋಗಿ ಮೆಣಸಿನಕಾಯಿ ಕಾಯ್ದಿಡುವ ಶೀತಲಗೃಹದಲ್ಲಿ ರಾತ್ರಿಪಾಳಿಯ ಕೆಲಸಗಾರ. ಬೆಳಿಗ್ಗೆ ಬಂದು ಮಲಗಿದನೆಂದರೆ ನೆತ್ತಿಯ ಮೇಲೆ ಹೊತ್ತು ಬರುವತನಕ ಏಳುತ್ತಿರಲಿಲ್ಲ. ದಾಕ್ಷಾಯಿಣಿ ಆರೂವರೆಯ ಬಸ್ಸಿಗೆ ಹಾವೇರಿಗೆ ಹೊರಡಬೇಕು. ಹೊರಡುವ ಮುಂಚೆ ಮಲಗಿದ ಮಗಳ ಕೊರಳಪಟ್ಟಿಗೆ ತಾನೇ ಮಣಿ ಚುಚ್ಚುವಳು. ಎಬ್ಬಿಸಿ, ತಿನ್ನಿಸಿ, ಎರಡು ತಾಸು ಬಿಸಿಲಿಗೆ ಬಿಟ್ಟು ಶಾಲೆಗೆ ಕಳಿಸುವುದು ಅತ್ತೆ ಗುರುಶಾಂತವ್ವನ ಪಾಲಿಗೆ.

ಗುರುಶಾಂತವ್ವ ಗಟ್ಟಿ ಹೆಂಗಸು, ಮಾತು ಕಡಿಮೆ. ದೇವರ ಜಗುಲಿಯ ಮೂಲೆಯಲ್ಲಿ ಒಂದು ಚಿಕ್ಕ ಫೋಟೋ ಇಟ್ಟುಕೊಂಡಿದ್ದಳು. ಎರಡು ಜಡೆಯ ಐದು ವರ್ಷದ ಹುಡುಗಿ, ಅವಳ ಚೊಚ್ಚಲು ಕೂಸು ಗಿರಿಜಾ. ಗುರುಶಾಂತವ್ವ ಕೂಲಿಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕಾಲದಲ್ಲಿ, ಒಂದು ಏಪ್ರಿಲ್ ತಿಂಗಳು, ಇದೇ ಕಣದಲ್ಲಿ ಆ ಹುಡುಗಿ ಚೀಲಗಳ ಹಿಂದೆ ಆಡುತ್ತ ಅಲ್ಲೇ ಮಲಗಿಬಿಟ್ಟಿತ್ತು. ಬಿಸಿಲು ಬಡಿದು ಸಂಜೆಯೊಳಗೆ ಹೋಯಿತು. ಇದನ್ನು ದಾಕ್ಷಾಯಿಣಿಗೆ ಶಿವಯೋಗಿ ಹೇಳಿದ್ದ, ಅತ್ತೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಹೋದ ವರ್ಷ ಅತ್ತೆಗೆ ತಲೆಸುತ್ತು ಬಂದು ದಾಕ್ಷಾಯಿಣಿ ಹೃದಯದ ಡಾಕ್ಟರರಲ್ಲಿಗೆ ಕರೆದೊಯ್ದಿದ್ದಳು. ಅವರು ಕಾಗದದ ಮೇಲಿನ ಗೆರೆ ತೋರಿಸಿ, ಮೂರು ಸಲ ಸರಿಯಾಗಿ ಬಡಿದು ನಾಲ್ಕನೆಯದನ್ನು ತಪ್ಪಿಸುತ್ತಿದೆ, ಗಾಬರಿಯೇನಿಲ್ಲ, ಆದರೆ ಬಿಸಿಲಿಗೆ ಹೋಗಬೇಡಿ ಎಂದರು. ಗುರುಶಾಂತವ್ವ ಗುಳಿಗೆಗಳನ್ನು ಚಾಚೂ ತಪ್ಪದೆ ನುಂಗಿದಳು. ಬಿಸಿಲಿನ ಮಾತಿಗೆ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಭಾನುವಾರ ದಾಕ್ಷಾಯಿಣಿಗೆ ರಜೆ. ಅಂದು ಅತ್ತೆ, ಇವತ್ತು ನಿನ್ನ ಪಾಳಿ ಎಂದು ಹೇಳಿ ಅಡಿಗೆಮನೆ ಸೇರುತ್ತಿದ್ದಳು. ತಾಯಿ ಮಗಳು ಕಣದ ಅಂಚಿಗೆ ಕೂರುತ್ತಿದ್ದರು. ಮೇದಿನಿಗೆ ಆಟಕ್ಕಿಂತ ಚಿತ್ರದ ಹುಚ್ಚು. ಮೆಣಸಿನಕಾಯಿ ಬೀಜವನ್ನು ಕಾಗದಕ್ಕೆ ಅಂಟಿಸಿ ಅದರ ಮೇಲೆ ಕೂದಲೆಳೆಯಂಥ ಪೆನ್ನಿನಿಂದ ಇರುವೆಯ ಕಾಲು, ಮೀಸೆ ಬರೆಯುತ್ತಿದ್ದಳು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗುತ್ತಿದ್ದಳು. ದಾಕ್ಷಾಯಿಣಿ ಒಂದೆರಡು ಸಲ ಹಾಗೆ ಬಗ್ಗಬೇಡ ಎಂದಳು. ಆದರೆ ಮರುದಿನ ಕೇಂದ್ರಕ್ಕೆ ಬಂದು ನೋಡಿದರೆ ಮಗಳ ಚುಕ್ಕೆ ಪಚ್ಚೆಗಲ್ಲಿನಂತೆ ಹೊಳೆಯುತ್ತಿತ್ತು, ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಕರಿಹಲಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಪ್ರತಿ ಮಗುವಿನ ಮುಂದೆಯೂ ಬೆಳಗುವ ಪಾಟಿ, ದೂರದ್ದನ್ನು ಓದುವ ಪ್ರಸಂಗವೇ ಇಲ್ಲ. ಲೋಕವೆಲ್ಲ ಹತ್ತು ಅಡಿಯ ಆಚೆಗೆ ಮಬ್ಬಾಗಿಯೇ ಇರುತ್ತದೆಂದು ಮೇದಿನಿ ತಿಳಿದಿದ್ದಳು.

ಅವಳಿಗೆ ಹನ್ನೊಂದು ತುಂಬಿದ ಮಾರನೆಯ ವಾರ, ಶಾಲೆಗೆ ಹೊರಟವಳು ಹೊಸ್ತಿಲಲ್ಲಿ ನಿಂತು ತಾಯಿಗೆ ಫೋನು ಮಾಡಿದಳು.

"ಅವ್ವಾ, ಬಲಗಣ್ಣಾಗ ಯಾರೋ ಕರೀ ಪರದೆ ಎಳದಂಗ ಆಗೇತಿ. ಮೂಗಿನ ಕಡಿಂದ ಬರಾಕತ್ತೇತಿ."

ದಾಕ್ಷಾಯಿಣಿ ಕುರ್ಚಿ ಬಿಟ್ಟು ಎದ್ದಳು. ಆ ಮಾತನ್ನು ಅವಳು ಮೊದಲೊಮ್ಮೆ ಕೇಳಿದ್ದಳು, ಅಪ್ಪನ ಬಾಯಿಂದ.

ಎರಡು ತಾಸಿನೊಳಗೆ ಮಗಳು ಅಳೆಯುವ ಯಂತ್ರದ ಮುಂದೆ ಗದ್ದ ಊರಿ ಕೂತಿದ್ದಳು. ಡಾಕ್ಟರ್ ಮೆಹಜಬೀನ್ ಅಳತೆಯನ್ನು ಮೂರು ಸಲ ತೆಗೆದರು. ಆಮೇಲೆ ಯಂತ್ರದ ದೀಪ ಆರಿಸಿ ದಾಕ್ಷಾಯಿಣಿಯ ಪಕ್ಕ ಬಂದು ನಿಂತರು.

"ಇಪ್ಪತ್ತೆಂಟೂವರೆ ಮಿಲಿಮೀಟರ್ ಐತಿ. ಈ ವಯಸ್ಸಿಗೆ ಇಪ್ಪತ್ಮೂರು ಇದ್ರ ಸರಿ. ಒಳಪರದೆ ಕಿತ್ಕೊಂಡೈತಿ. ಹಿಂದಕ ಅಳದದ್ದು ಯಾವಾಗ?"

"ಮೂರು ವರ್ಷಾತ್ರಿ," ಎಂದಳು ದಾಕ್ಷಾಯಿಣಿ. "ಆಮ್ಯಾಲ ವಿನಾಯಿತಿ."

ಮೆಹಜಬೀನ್ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನು ಹಚ್ಚಿದರು. ಬೈದಿದ್ದರೆ ದಾಕ್ಷಾಯಿಣಿಗೆ ಎಷ್ಟೋ ಹಗುರಾಗುತ್ತಿತ್ತು.

ಅದೇ ದಿನ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಕಿತ್ತುಬಂದ ಪರದೆಯನ್ನು ಹಿಂದಕ್ಕೊತ್ತಲು ಕಣ್ಣಿನೊಳಗೆ ಗಾಳಿಗುಳ್ಳೆ ಬಿಟ್ಟರು. ಗುಳ್ಳೆ ಸರಿಯಾದ ಜಾಗಕ್ಕೆ ಒತ್ತಬೇಕಾದರೆ ಹುಡುಗಿ ಎರಡು ವಾರ ಮುಖ ಕೆಳಗೆ ಮಾಡಿಯೇ ಇರಬೇಕು. ಮನೆಗೆ ಬಂದ ಮೇಲೆ ಮೇದಿನಿ ಮಂಚದ ಅಂಚಿಗೆ ತಲೆ ಇಳಿಬಿಟ್ಟು ಬೋರಲು ಮಲಗುತ್ತಿದ್ದಳು. ಗುರುಶಾಂತವ್ವ ಅದರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಮೊಮ್ಮಗಳ ಮುಖಕ್ಕೆ ಮುಖ ಕೊಟ್ಟು ಕತೆ ಹೇಳುತ್ತಿದ್ದಳು. ಎಪ್ಪತ್ತೆರಡರ ಮುದುಕಿಗೆ ಏಳುವಾಗ ಗೋಡೆ ಹಿಡಿದುಕೊಳ್ಳಬೇಕಾಗುತ್ತಿತ್ತು. ಆದರೂ ದಿನಕ್ಕೆ ಹತ್ತು ಸಲ ಮಲಗಿ ಹತ್ತು ಸಲ ಏಳುತ್ತಿದ್ದಳು. ಅದನ್ನು ನೋಡಿ ದಾಕ್ಷಾಯಿಣಿ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಂಥ ಅತ್ತೆ ಯಾರಿಗುಂಟು ಎಂದೂ ಅನ್ನಿಸಿತು.

ಎರಡು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ಉಳಿದಿತ್ತು. ಎಡಗಣ್ಣಿನ ಪರದೆಯೂ ಅಲ್ಲಲ್ಲಿ ತೆಳ್ಳಗಾಗಿತ್ತು. ಲೇಸರಿನಿಂದ ಆ ಜಾಗಗಳ ಸುತ್ತ ಬೇಲಿಯ ಹಾಗೆ ಸುಟ್ಟು ಭದ್ರ ಮಾಡಿದರು. ಇನ್ನು ಇದು ಬೆಳೆಯದಂತೆ ನೋಡಿಕೊಳ್ಳಬೇಕು, ಇದು ಹೋದರೆ ಎಲ್ಲವೂ ಹೋದಂತೆ ಎಂದರು ಡಾಕ್ಟರರು.

ಮರುದಿನ ದಾಕ್ಷಾಯಿಣಿ ಕೇಂದ್ರಕ್ಕೆ ಹೋದಳು. ಮಣಿ ಕೆಟ್ಟಿರಬೇಕು, ಇಲ್ಲವೇ ಬಿಸಿಲಿನ ವಿಜ್ಞಾನವೇ ಸುಳ್ಳಿರಬೇಕು. ಎರಡರಲ್ಲಿ ಒಂದನ್ನು ಹಿಡಿಯದೆ ಏಳಬಾರದೆಂದು ಮಗಳ ನಾಲ್ಕು ವರ್ಷದ ದಾಖಲೆಯನ್ನೆಲ್ಲ ತೆರೆದು ಕೂತಳು. ಬೆಳಕು ಸರಿಯಾಗಿತ್ತು, ದೂರವೂ ಬಹುಮಟ್ಟಿಗೆ ಸರಿಯಾಗಿತ್ತು. ಒಂದು ದಿನವೂ ಎರಡು ತಾಸಿಗೆ ಕಡಿಮೆಯಿಲ್ಲ, ಕೆಲವು ದಿನ ಹತ್ತು ನಿಮಿಷ ಹೆಚ್ಚೇ. ಕೊನೆಗೆ ಯಾರೂ ಎಂದೂ ನೋಡದ ನಾಡಿಯ ಪಟ್ಟಿಯನ್ನು ತೆರೆದಳು.

ಭಾನುವಾರ ತೊಂಬತ್ತೆರಡು. ಸೋಮವಾರ ಅರವತ್ತಾರು. ಮಂಗಳವಾರ ಅರವತ್ತನಾಲ್ಕು. ಬುಧವಾರದಿಂದ ಶನಿವಾರದವರೆಗೂ ಅಷ್ಟಷ್ಟೇ. ಮತ್ತೆ ಭಾನುವಾರ ತೊಂಬತ್ತು. ನಾಲ್ಕು ವರ್ಷವೂ ಹೀಗೆಯೇ. ಅವಳು ಒಂದು ಸೋಮವಾರದ ಗೆರೆಯನ್ನು ದೊಡ್ಡದು ಮಾಡಿ ನೋಡಿದಳು. ಮೂರು ಬಡಿತ, ಆಮೇಲೆ ಖಾಲಿ. ಮೂರು ಬಡಿತ, ಆಮೇಲೆ ಖಾಲಿ.

ಆ ಗೆರೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಡಾಕ್ಟರರ ಕೋಣೆಯಲ್ಲಿ ಪಕ್ಕದಲ್ಲೇ ಕೂತು ನೋಡಿದ್ದಳಲ್ಲ. ವಾರಕ್ಕೆ ಒಂದು ದಿನ ಮಾತ್ರ ಅವಳ ಮಗಳು ಬಿಸಿಲಲ್ಲಿ ಇದ್ದಳು, ಉಳಿದ ಆರು ದಿನ ಅಲ್ಲಿ ಕೂತವಳು ಗುರುಶಾಂತವ್ವ.

ದಾಕ್ಷಾಯಿಣಿ ಕೂಡಲೇ ಬ್ಯಾಡಗಿಯ ಬಸ್ಸು ಹತ್ತಿದಳು. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಮುದುಕಿಗೆ ಮೊಮ್ಮಗಳ ಮೈಬಣ್ಣದ ಚಿಂತೆಯಿತ್ತೇ? ಹೊರಗೆ ಬಿಟ್ಟು ಕಾಯುವುದು ಬೇಸರವಾಗಿತ್ತೇ? ಕೂಸಿನ ಕಣ್ಣನ್ನು ತಿಂದಿರಿ ಎಂದು ಮುಖದ ಮೇಲೆ ಹೇಳಿಯೇ ಬಿಡುವುದೆಂದು ತೀರ್ಮಾನಿಸಿದಳು.

ಮನೆ ತಲುಪಿದಾಗ ಹನ್ನೊಂದು ಗಂಟೆ. ಕಣದ ಅಂಚಿನ ಕಲ್ಲಿನ ಮೇಲೆ, ರಣರಣ ಬಿಸಿಲಿನಲ್ಲಿ, ಗುರುಶಾಂತವ್ವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತಲೆಯ ಮೇಲೆ ಸೆರಗಿಲ್ಲ. ಹೊದ್ದುಕೊಂಡರೆ ಬೆಳಕು ಕಡಿಮೆ ಬಿದ್ದೀತೆಂದು ತೆಗೆದಿದ್ದಳು. ಎದೆಯ ಮೇಲಿನ ಸೆರಗಿಗೆ ಮೇದಿನಿಯ ಮಣಿ. ಮುಖವೆಲ್ಲ ಬೆವರು, ತುಟಿ ಒಣಗಿ ಬಿಳಿಚಿಕೊಂಡಿತ್ತು. ಸೊಸೆಯನ್ನು ಕಂಡು, ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಬೆಚ್ಚಿ, ಮಣಿಯ ಮೇಲೆ ಕೈ ಮುಚ್ಚಿಕೊಂಡಳು. ಆಮೇಲೆ ಇನ್ನೇನು ಮುಚ್ಚುವುದೆಂದು ಕೈ ತೆಗೆದಳು.

"ಹೇಳಬಾರದಿತ್ತವಾ," ಎಂದಳು. "ಹರಕೆ ಹೊತ್ತದ್ದು ಬಾಯಿಬಿಟ್ರ ಫಲಾ ಹೋಕ್ಕೈತಿ. ನೀನಾ ನೋಡಿಬಿಟ್ಟಿ, ಏನ ಮಾಡ್ಲಿ. ಇವತ್ತಿಂದ ನಾಕ ತಾಸು ಕುಂದರಾಕತ್ತೀನಿ. ಇನ್ನೊಂದ ಕಣ್ಣರ ಉಳೀಲಿ ಅಂತ."

ದಾಕ್ಷಾಯಿಣಿ ಅತ್ತೆಯನ್ನು ತೋಳು ಹಿಡಿದು ಎಬ್ಬಿಸಿ ಪಡಸಾಲೆಯ ನೆರಳಿಗೆ ಕರೆತಂದು ನೀರು ಕೊಟ್ಟಳು. ಗುರುಶಾಂತವ್ವ ಗುಟುಕು ಗುಟುಕಾಗಿ ಕುಡಿಯುತ್ತ ನಿಧಾನವಾಗಿ ಹೇಳಿದಳು. ಶಿವಯೋಗಿಗೆ ಏಳನೆಯ ವರ್ಷದಲ್ಲಿ ವಿಷಮಜ್ವರ ಬಂದಾಗ ದ್ಯಾಮವ್ವನ ಗುಡಿಯ ಸುತ್ತ ಅವನ ಬದಲು ಹೆಜ್ಜೆಹೆಜ್ಜೆಗೂ ನೆಲಕ್ಕೆ ಉದ್ದಕ್ಕೆ ಬಿದ್ದು ದೀಡ ನಮಸ್ಕಾರ ಹಾಕಿದವಳು ಅವಳು. ಅವನು ಎದ್ದು ಕೂತ. ಕೂಸಿಗೆ ಆಗದ್ದನ್ನು ಹಿರಿಯರು ಮಾಡಿದರೆ ದೇವರು ಒಪ್ಪಿಕೊಳ್ಳುತ್ತಾನೆ, ಊರಲ್ಲಿ ಎಲ್ಲರೂ ಹಾಗೇ ಮಾಡಿಕೊಂಡು ಬಂದದ್ದು. ದಿನಾ ಎರಡು ತಾಸು ಬಿಸಿಲು ಕೊಡಬೇಕೆಂದು ಸರಕಾರ ಹೇಳಿತು, ಕೊಡೋಣ. ಆದರೆ ಮತ್ತೊಂದು ಕೂಸನ್ನು ಆ ಕಣಕ್ಕೆ ಹೇಗೆ ಬಿಡುವುದು? ಮೊದಲನೆಯ ವಾರವೇ ಮೇದಿನಿಗೆ ಬಿಸಿಲಿಗೆ ಮೂಗಿನಿಂದ ರಕ್ತ ಬಂದಿತ್ತು. ಆವತ್ತೇ ಅವಳು ಮಣಿಯನ್ನು ತನ್ನ ಸೆರಗಿಗೆ ಚುಚ್ಚಿಕೊಂಡಳು. ಹರಕೆ ಒಡೆಯಬಾರದೆಂದು ಮೊಮ್ಮಗಳ ಬಾಯನ್ನೂ ಕಟ್ಟಿದಳು. ಶಾಲೆಗೆ ಕಳಿಸುವಾಗ ಮಣಿಯನ್ನು ಮತ್ತೆ ಅವಳ ಕೊರಳಿಗೆ ಸೇರಿಸುವಳು.

"ಜ್ವರಾ ಬಂದಾಗೂ ಒಂದಿನಾ ತಪ್ಸಿಲ್ಲವಾ," ಎಂದಳು. "ಆ ಡಾಕ್ಟರ ಬ್ಯಾಡ ಅಂದ್ರೂ ತಪ್ಸಿಲ್ಲ."

ದಾಕ್ಷಾಯಿಣಿ ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹೇಳದೆ ಇದ್ದುಬಿಡಬಹುದಿತ್ತು. ಒಂದು ಗಳಿಗೆ ಹಾಗೂ ಅನ್ನಿಸಿತು. ಆದರೆ ಒಳಗೆ ಮಂಚದ ಮೇಲೆ ಮಗಳು ಮಲಗಿದ್ದಳು, ಅವಳ ಎಡಗಣ್ಣು ಇನ್ನೂ ಬೆಳೆಯುವ ವಯಸ್ಸಿನದು. ಮಾತನ್ನು ಆದಷ್ಟು ಸಣ್ಣದು ಮಾಡಿ ಹೇಳಿದಳು. ಬಿಸಿಲು ದೇವರಿಗೆ ಕೊಡುವಂಥದ್ದಲ್ಲ, ಕಣ್ಣಿಗೆ ಕೊಡುವಂಥದ್ದು. ಯಾರ ಕಣ್ಣಿಗೆ ಬಿತ್ತೋ ಅವರಿಗೇ ಅದು. ಮಣಿ ಅಳೆಯುತ್ತದೆ ಅಷ್ಟೇ, ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ.

ಗುರುಶಾಂತವ್ವ ನೀರಿನ ಲೋಟ ಕೆಳಗಿಟ್ಟಳು. ಕಣದಲ್ಲಿ ಯಾರೋ ಹೆಂಗಸರು ಮೆಣಸಿನಕಾಯಿ ಮೊಗಚುತ್ತಿದ್ದ ಸದ್ದು ಬರುತ್ತಿತ್ತು.

"ಹಂಗಾರ ನಾಕ ವರ್ಷ ನಾ ಕುಂತದ್ದು ಕೂಸಿಗೆ ಮುಟ್ಟಲೇ ಇಲ್ಲೇನು?"

"ಇಲ್ಲ ಅತ್ತೀ."

ಮುದುಕಿ ಮಣಿ ಬಿಚ್ಚಲು ಹೋದಳು. ಪಿನ್ನು ಕೈಗೆ ಸಿಗಲಿಲ್ಲ. ದಾಕ್ಷಾಯಿಣಿಯೇ ಬಿಚ್ಚಿದಳು. ನೂಲಿನ ಸೀರೆಯ ಸೆರಗಿನಲ್ಲಿ ಅದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಸಣ್ಣ ಸಣ್ಣ ತೂತುಗಳಾಗಿದ್ದವು. ಅವಳಿಗೆ ಅತ್ತೆಯ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತನ್ನ ಮೇಲಿನದು ಮಾತ್ರ ಹೋಗಲಿಲ್ಲ. ಆಡನ್ನು ಹಿಡಿಯುವಷ್ಟು ಜಾಣೆಯಾಗಿದ್ದಳು, ಅಜ್ಜಿಯನ್ನು ಹಿಡಿಯುವಷ್ಟು ಆಗಿರಲಿಲ್ಲ. ಮೂಗು ಕಾಗದಕ್ಕೆ ತಾಗಿಸಿ ಬರೆಯುತ್ತಿದ್ದ ಮಗಳು ಕಣ್ಣೆದುರಿಗೇ ಇದ್ದಳು, ಅವಳು ಮಾತ್ರ ಹಾವೇರಿಯ ಪರದೆಯನ್ನು ನಂಬಿದಳು.

ಆ ವಾರ ಡಾಕ್ಟರ್ ಮೆಹಜಬೀನ್ ಮತ್ತು ದಾಕ್ಷಾಯಿಣಿ ಜಿಲ್ಲೆಯ ಎಲ್ಲ ಹಸಿರು ಮಕ್ಕಳ ನಾಡಿಯನ್ನೂ ತೆಗೆದು ನೋಡಿದರು. ನಿಧಾನದ ನಾಡಿಗಳು ನಾನೂರಾ ಹನ್ನೆರಡು ಸಿಕ್ಕವು. ಎಲ್ಲೋ ಒಬ್ಬ ಅಜ್ಜ, ಎಲ್ಲೋ ಒಬ್ಬ ಸೋದರತ್ತೆ, ಹಾನಗಲ್ಲಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುತ್ತಜ್ಜಿಯನ್ನು ಮಂಚದ ಸಮೇತ ಅಂಗಳಕ್ಕೆ ಇಡುತ್ತಿದ್ದರು. ಮೋಸ ಮಾಡಬೇಕೆಂದು ಮಾಡಿದವರು ಕೆಲವರೇ. ಉಳಿದವರೆಲ್ಲ ಕೂಸಿನ ಪಾಲಿನದನ್ನು ತಾವು ಹೊತ್ತವರು. ನಾನೂರಾ ಹನ್ನೆರಡು ಮಕ್ಕಳನ್ನೂ ಕರೆಸಿ ಅಳೆದರು. ಹೆಚ್ಚಿನವರ ಕಣ್ಣು ಇನ್ನೂ ಕೈಮೀರಿರಲಿಲ್ಲ. ಕನ್ನಡಕ ಕೊಟ್ಟರು, ಹನಿ ಕೊಟ್ಟರು. ಹಸಿರು ವಿನಾಯಿತಿಯನ್ನು ರದ್ದು ಮಾಡುವ ಕಾಗದವನ್ನು ದಾಕ್ಷಾಯಿಣಿ ತಾನೇ ಬರೆದಳು. ಇನ್ನು ಮೇಲೆ ಮಗುವಿನದಲ್ಲದ ನಾಡಿ ಸೇರಿದ ಪ್ರತಿ ನಿಮಿಷವನ್ನೂ ಬಿಸಿಲಿನ ಲೆಕ್ಕದಿಂದ ಕಳೆಯಬೇಕೆಂದೂ ಅದರಲ್ಲಿ ಸೇರಿಸಿದಳು.

ಮೂರು ತಿಂಗಳು ಕಳೆದ ಮೇಲೆ ಮೇದಿನಿಗೆ ಹೊರಗೆ ಹೋಗಲು ಡಾಕ್ಟರರು ಒಪ್ಪಿದರು. ಮೊದಲ ದಿನ ಮಗಳ ಜೊತೆಗೆ ಇರಬೇಕೆಂದು ದಾಕ್ಷಾಯಿಣಿಗೆ ಆಸೆಯಿತ್ತು, ರಜೆ ಸಿಗಲಿಲ್ಲ. ಕೇಂದ್ರದಲ್ಲಿ ಕೂತು ಬ್ಯಾಡಗಿಯ ಆ ಒಂದು ಚುಕ್ಕೆಯನ್ನೇ ನೋಡಿದಳು. ಏಳೂವರೆಗೆ ಬೂದಿ. ಎಂಟಕ್ಕೂ ಬೂದಿ. ಮುದುಕಿಗೆ ಹೊಸ್ತಿಲು ದಾಟಿಸಲು ಧೈರ್ಯ ಸಾಲುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಎಂಟೂಕಾಲಕ್ಕೆ ನಾಡಿ ತೊಂಬತ್ತಾರಕ್ಕೆ ಏರಿತು, ಬೆಳಕು ಏರಿತು. ಮಗಳು ಹೊರಗೆ ಬಂದಿದ್ದಳು. ದಪ್ಪ ಕನ್ನಡಕದೊಳಗಿನ ಒಂದೇ ಕಣ್ಣಿನಿಂದ ಕಣದ ಆಚೆಯ ತುದಿಯನ್ನು ಮೊದಲ ಸಲ ನೋಡುತ್ತಿರಬಹುದು.

ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಕೆಂಪು ಗೆರೆ ಹಾದು ಯಂತ್ರ ಎಚ್ಚರಿಸಿತು. ಬೇರೆ ನಾಡಿ ಸೇರಿದೆ. ದಾಕ್ಷಾಯಿಣಿ ದೊಡ್ಡದು ಮಾಡಿ ನೋಡಿದಳು. ಮಗುವಿನ ಚುರುಕು ಬಡಿತದ ಕೆಳಗೆ ಇನ್ನೊಂದು, ಮೂರು ಬಡಿತ, ಆಮೇಲೆ ಖಾಲಿ. ಅಜ್ಜಿ ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಬಿಸಿಲಿನಲ್ಲಿ ಕೂತಿದ್ದಳು. ಗೆರೆ ಬಿಡದೆ ಹನ್ನೆರಡು ನಿಮಿಷ ಓಡಿತು.

ಯಂತ್ರ ಕಳೆಯಲೇ ಎಂದು ಕೇಳಿತು. ಅವಳು ಕಣ್ಣೊರಸಿಕೊಂಡು ಆ ಹನ್ನೆರಡು ನಿಮಿಷವನ್ನು ಕಳೆದಳು. ಅಜ್ಜಿಯ ಎದೆಗೆ ಮುಖ ಹುದುಗಿಸಿದ ಮಗುವಿನ ಕಣ್ಣಿಗೆ ಬೆಳಕು ಬೀಳುವುದಿಲ್ಲ. ಆಮೇಲೆ ಮನೆಗೆ ಫೋನು ಮಾಡಿದಳು.

"ಅತ್ತೀ, ಆಕಿನ್ನ ಇನ್ನ ಹನ್ನೆರಡ ನಿಮಿಷ ಹೆಚ್ಚಿಗಿ ಕುಂದರಿಸ್ರಿ," ಎಂದಳು. "ಬಾಜೂಕ ನೀವೂ ಇರ್ರಿ. ನೀವು ಮಾತ್ರ ಛತ್ರಿ ಹಿಡಕೋರಿ."

ಆ ಕಡೆಯಿಂದ ಹೂಂ ಎಂಬ ಸಣ್ಣ ದನಿ ಬಂತು. ಛತ್ರಿ ಎಲ್ಲಿಟ್ಟಿದೆ ಎಂದು ಗುರುಶಾಂತವ್ವ ಮೊಮ್ಮಗಳನ್ನು ಕೇಳುವುದೂ ಕೇಳಿಸಿತು.